ಡೆಲ್ ಮಾಬ್ರಿಯ ಖಾಲಿ ಹೊಟ್ಟೆ

ದೂರು ಬಂದದ್ದು 1958ರ ಮಾರ್ಚ್ 5, ಬುಧವಾರ, ಬೆಳಕು ಹರಿಯುವ ಮುನ್ನ. ಲೋಮಾ ವರ್ದೆ ರೇಸ್‌ಕೋರ್ಸಿನ ಕಾವಲುಗಾರ ಷೆರಿಫ್ ಠಾಣೆಗೆ ಫೋನ್ ಮಾಡಿ, ಜಾಕಿಗಳ ಕೋಣೆಯ ಉಗಿಮನೆಯಲ್ಲಿ ಒಬ್ಬ ಜಾಕಿ ಸತ್ತು ಬಿದ್ದಿದ್ದಾನೆ ಎಂದ. ಆಮೇಲೆ ಮುಖ್ಯ ವಿಷಯ ಮರೆತವನಂತೆ, “ಬೇಗ ಬಂದು ಎತ್ಕೊಂಡು ಹೋಗಿ ಸಾರ್, ಮಧ್ಯಾಹ್ನ ರೇಸ್ ಇದೆ” ಎಂದು ಸೇರಿಸಿದ.

ದೂರು ಬರೆದುಕೊಂಡವನು ಕೊಲೆ ವಿಭಾಗದ ಸಾರ್ಜೆಂಟ್ ಆರಿನ್ ಹ್ಯಾಸ್ಕೆಟ್. ತಾನು ಬರೆದದ್ದನ್ನು ಎರಡು ಸಲ ಓದದೆ ಸಹಿ ಹಾಕದ ಮನುಷ್ಯ. ಸಹಿ ಹಾಕಿದ ಮೇಲೂ ಮೂರನೆಯ ಸಲ ಓದಬೇಕಿತ್ತೇನೋ ಎಂದು ಕೊರಗುವವನು. ಡೆಪ್ಯುಟಿ ರೂಬೆನ್ ಬೆನವೀಡೆಸ್ ಕಾರು ಓಡಿಸಿದ.

ಉಗಿಮನೆ ಎಂದರೆ ಮರದ ಹಲಗೆ ಹೊಡೆದ ಒಂದು ಸಣ್ಣ ಕೋಣೆ. ಎರಡು ಹಂತದ ಬೆಂಚು, ಗೋಡೆಯ ಬುಡದಲ್ಲಿ ಉಗಿಯ ಕೊಳವೆ. ತೂಕ ಇಳಿಸಬೇಕಾದ ಜಾಕಿಗಳು ಅಲ್ಲಿ ಕೂತು ಬೆವರು ಸುರಿಸುತ್ತಾರೆ. ರಾತ್ರಿಯಿಡೀ ಕೊಳವೆ ತೆರೆದೇ ಇತ್ತು. ಬಾಗಿಲಲ್ಲಿ ನಿಂತಾಗ ನೀಲಗಿರಿ ಎಣ್ಣೆಯ ವಾಸನೆಯೂ ಅದರಡಿಯಲ್ಲಿ ಬೇರೆ ಏನೋ ಒಂದರ ವಾಸನೆಯೂ ಒಟ್ಟಿಗೇ ಮುಖಕ್ಕೆ ಹೊಡೆದವು. ಬೆನವೀಡೆಸ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

ಡೆಲ್ ಮಾಬ್ರಿ, ಮೂವತ್ತನಾಲ್ಕು ವರ್ಷ, ಹದಿನಾಲ್ಕು ವರ್ಷದ ಹುಡುಗನ ಮೈ. ಚರ್ಮ ಬೇಯಿಸಿದ ಕೋಳಿಯದರಂತೆ ಬಿಳುಚಿ ಸಡಿಲವಾಗಿತ್ತು. ತಲೆಯ ಹಿಂಭಾಗ ಬೆಂಚಿನ ಅಂಚಿಗೆ ಬಡಿದು ಒಡೆದಿತ್ತು. ಕೋಟು, ಟೈ, ಬೂಟು ಎಲ್ಲ ಮೈಮೇಲೇ ಇದ್ದವು. ಬೂಟು ಹಾಕಿಕೊಂಡು ಬೆವರಲು ಯಾರೂ ಕೂರುವುದಿಲ್ಲ ಎಂದು ಹ್ಯಾಸ್ಕೆಟ್ ಬರೆದುಕೊಂಡ.

ಹೆಣವನ್ನು ಮೊದಲು ಕಂಡವನು ಹೆಸೂಸ್ ಲೆದೆಸ್ಮಾ. ಜಾಕಿಗಳ ಜೀನು, ಬೂಟು, ರೇಷ್ಮೆ ಅಂಗಿ ನೋಡಿಕೊಳ್ಳುವ ಆಳು. ಐವತ್ತೆಂಟರ ವಯಸ್ಸು. ಎಲ್ಲರಿಗೂ ಅವನು ಚೂಯ್. ಎರಡು ಕೈಯನ್ನೂ ಒದ್ದೆ ಏಪ್ರನ್ನಿನಲ್ಲಿ ಸುತ್ತಿಕೊಂಡು ನಿಂತಿದ್ದ.

“ಬಾಗಿಲು ಹೇಗಿತ್ತು?” ಹ್ಯಾಸ್ಕೆಟ್ ಕೇಳಿದ.

“ಹಿಡಿಗೆ ಹೊರಗಿಂದ ಒರೆಸೋ ಕೋಲು ಸಿಗಿಸಿತ್ತು ಸಾರ್.”

“ಹೊರಬಾಗಿಲು?”

“ಬೀಗ ಹಾಕಿತ್ತು. ರಾತ್ರಿ ಹತ್ತಕ್ಕೆ ಕಾವಲಿನವನು ಬೀಗ ಹಾಕ್ತಾನೆ. ಒಳಗೆ ಬರಲ್ಲ ಅವನು, ಆಚೆಯಿಂದಾನೇ ಹಾಕಿ ಹೋಗ್ತಾನೆ. ಬೆಳಿಗ್ಗೆ ನಾನು ತೆಗೀತೀನಿ.”

“ಬೀಗದಕೈ ಇನ್ಯಾರ ಹತ್ರ ಇದೆ?”

“ಅವನ ಹತ್ರ ಒಂದು, ನನ್ನ ಹತ್ರ ಒಂದು.”

“ಬಂದ ತಕ್ಷಣ ಉಗಿಮನೆ ನೋಡಿದ್ಯಾ?”

“ಇಲ್ಲ ಸಾರ್. ಮೊದಲು ತೊಳೆಯೋ ಕೆಲಸ ಮುಗಿಸ್ದೆ. ಆಮೇಲೆ ನೋಡ್ದೆ.”

ಮಹಜರು ಬರೆಯುವಾಗ ಹ್ಯಾಸ್ಕೆಟ್ ಒಂದೊಂದು ವಸ್ತುವನ್ನೂ ಸೇರಿಸಿದ. ತೂಕದ ಯಂತ್ರ, ಟವೆಲು, ಶೌಚದ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಕೂರಿಸಿದ್ದ ಅಗಲವಾದ ಪಿಂಗಾಣಿ ಬೋಗುಣಿ. ಬೂಟು ತೊಳೆಯಲು ಇರಬೇಕು ಅಂದುಕೊಂಡ. ಅದು ಥಳಥಳ ಹೊಳೆಯುತ್ತಿತ್ತು.

ವಿಚಾರಣೆಯಲ್ಲಿ ಎರಡು ಸಂಗತಿ ಹೊರಬಿದ್ದವು. ಮಂಗಳವಾರ ಮಧ್ಯಾಹ್ನ ಮಾಬ್ರಿ ಎಲ್ಲರೆದುರು ಲೆದೆಸ್ಮಾನ ಮೇಲೆ ಕೂಗಾಡಿ ಬೂಟು ಎಸೆದಿದ್ದ. ಬೂಟು ಹಣೆಗೆ ತಾಗಿ ರಕ್ತ ಬಂದಿತ್ತು. ಎರಡನೆಯದು, ಮಂಗಳವಾರ ರಾತ್ರಿ ಮಾಬ್ರಿ ಊಟ ಮಾಡಿದ್ದು ಕುದುರೆ ಟ್ರೇನರ್ ಎಮೆಟ್ ಗ್ರೇಲಿಂಗನ ಜೊತೆ, ಪೇಟೆಯ ಒಂದು ಇಟಾಲಿಯನ್ ಹೋಟೆಲಿನಲ್ಲಿ.

ಗ್ರೇಲಿಂಗ್ ತಾನೇ ಠಾಣೆಗೆ ಬಂದು ಹೇಳಿಕೆ ಕೊಟ್ಟ. ಅರವತ್ತು ದಾಟಿದವನು, ಕೆಂಪು ಕತ್ತು, ಮೆತ್ತನೆಯ ಮಾತು.

“ಎಂಟು ಗಂಟೆಗೆ ಕೂತ್ವಿ. ಒಳ್ಳೇ ಸ್ಟೇಕು ತಿಂದ, ಪಾಪ. ತಟ್ಟೆ ಒರೆಸಿ ತಿಂದ. ಚೆರ್ರಿ ಪೈ ಕೂಡ. ಆಮೇಲೆ ರೇಸ್‌ಕೋರ್ಸ್ ಗೇಟಿನ ಹತ್ರ ಒಂಬತ್ತರೊಳಗೇ ಇಳಿಸಿದೆ, ನಾನು ಒಳಗೆ ಹೋಗ್ಲಿಲ್ಲ. ಅಲ್ಲಿಂದ ನೇರ ಮಾಲೀಕರ ಕ್ಲಬ್ಬಿನ ಪಾರ್ಟಿಗೆ. ಬೆಳಗಿನ ಜಾವದವರೆಗೂ ಅಲ್ಲೇ ಇದ್ದೆ, ಊರೆಲ್ಲ ನನ್ನನ್ನ ನೋಡಿದೆ.”

ಊರೆಲ್ಲ ನೋಡಿದ್ದು ನಿಜವೇ ಆಗಿತ್ತು.

ಹೆಣ ಪರೀಕ್ಷೆ ಮಾಡಿದ ಡಾಕ್ಟರ್ ಇಮ್‌ಹಾಫ್ ಫೋನಿನಲ್ಲಿ ಗೊಣಗಿದ. “ಮೈಬಿಸಿ ನೋಡಿ ಹೊತ್ತು ಹೇಳೋಣ ಅಂದ್ರೆ ನೀವು ತಂದಿದ್ದು ಬೇಯಿಸಿದ ಹೆಣ. ಉಳಿದಿರೋದು ಹೊಟ್ಟೆ ಒಂದೇ. ಹೊಟ್ಟೆ ಪೂರ್ತಿ ಖಾಲಿ. ಎಂಟಕ್ಕೆ ಅಷ್ಟು ಮಾಂಸ ತಿಂದವನ ಹೊಟ್ಟೆ ಖಾಲಿಯಾಗಬೇಕಾದ್ರೆ ಐದಾರು ಗಂಟೆ ಬೇಕೇ ಬೇಕು. ಹಾಗಾಗಿ ಮಧ್ಯರಾತ್ರಿ ದಾಟಿ ಒಂದು ಗಂಟೆ ಆದ್ಮೇಲೇ ಸತ್ತಿರೋದು.”

ಆ ಹೊತ್ತಿಗೆ ಹೊರಬಾಗಿಲಿಗೆ ಬೀಗ ಬಿದ್ದಿತ್ತು. ಕಾವಲುಗಾರ ಇನ್ನಿಬ್ಬರ ಜೊತೆ ಇಸ್ಪೀಟು ಆಡುತ್ತಿದ್ದ. ಬೀಗದಕೈ ಇದ್ದ ಇನ್ನೊಬ್ಬ ಲೆದೆಸ್ಮಾ, ಪಕ್ಕದ ಜೀನಿನ ಕೋಣೆಯಲ್ಲಿ ಒಂಟಿಯಾಗಿ ಮಲಗಿದ್ದ. ಹಣೆಯ ಮೇಲೆ ಬೂಟಿನ ಗಾಯವೂ ಇತ್ತು. ಮಾರ್ಚ್ 7ರ ಶುಕ್ರವಾರ ಹ್ಯಾಸ್ಕೆಟ್ ಅವನನ್ನು ಬಂಧಿಸಿದ. ಕೈಕೋಳ ಹಾಕುವಾಗ ಲೆದೆಸ್ಮಾ, “ಒಂದ್ನಿಮಿಷ ಸಾರ್, ಕೈ ಒದ್ದೆ ಇದೆ” ಎಂದು ಏಪ್ರನ್ನಿಗೆ ಒರೆಸಿಕೊಂಡು ಮುಂದೆ ಚಾಚಿದ. ಆ ರಾತ್ರಿ ಹ್ಯಾಸ್ಕೆಟ್‌ಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾವ ಪ್ರಕರಣದಲ್ಲೂ ಬರುತ್ತಿರಲಿಲ್ಲವಾದ್ದರಿಂದ ಅದಕ್ಕೆ ಅವನು ಅರ್ಥ ಹಚ್ಚಲಿಲ್ಲ.

ಪ್ರಾಥಮಿಕ ವಿಚಾರಣೆ ಮುಂದಿನ ಶುಕ್ರವಾರ, 14ನೇ ತಾರೀಕು ನಡೆಯಿತು. ಸಾಕ್ಷಿ ಸಾಕೆಂದು ನ್ಯಾಯಾಧೀಶರಿಗೆ ಅನಿಸಿದರೆ ಕೊಲೆ ಮೊಕದ್ದಮೆ. ಕೊಲೆ ಸಾಬೀತಾದರೆ ಲೆದೆಸ್ಮಾಗೆ ಗ್ಯಾಸ್ ಕೋಣೆಯಲ್ಲಿ ಮರಣದಂಡನೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೊಂದವನಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲೇ ಸಾವು ಎಂದು ಒಂದು ಪತ್ರಿಕೆ ಆಗಲೇ ಬರೆದಿತ್ತು. ಹ್ಯಾಸ್ಕೆಟ್ ಅದನ್ನು ಮಡಚಿ ಕಸದ ಬುಟ್ಟಿಗೆ ಹಾಕಿದ್ದ.

ಗ್ರೇಲಿಂಗ್ ಕಟಕಟೆ ಹತ್ತಿ ಸ್ಟೇಕಿನ ಕತೆ ಹೇಳಿದ. “ಪೈ ಕೂಡ ತಿಂದ” ಎಂದು ಯಾರೂ ಕೇಳದಿದ್ದರೂ ಹೇಳಿದ. ಇಮ್‌ಹಾಫ್ ಖಾಲಿ ಹೊಟ್ಟೆಯ ಲೆಕ್ಕ ವಿವರಿಸಿದ. ಹ್ಯಾಸ್ಕೆಟ್ ಬೀಗದಕೈ ಬಗ್ಗೆ ನುಡಿದ. ಲೆದೆಸ್ಮಾನ ಪರವಾಗಿ ಸರ್ಕಾರ ಕೊಟ್ಟ ವಕೀಲ ಒಂದೆರಡು ಪ್ರಶ್ನೆ ಕೇಳಿ ಕೂತ. ಲೆದೆಸ್ಮಾ ಅಷ್ಟು ಹೊತ್ತೂ ನೆಲ ನೋಡುತ್ತಿದ್ದ. ಮುಂದಿನ ಸಾಕ್ಷಿ ಜಾಕಿ ಬಡ್ ಕೀಲರ್, ಬೂಟು ಎಸೆದ ಜಗಳ ನೋಡಿದವನು. ಅವನನ್ನು ನಿಯಮದಂತೆ ಹೊರಗೆ ಕೂರಿಸಿದ್ದರಿಂದ ಒಳಗಿನ ಮಾತು ಒಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಊಟದ ಬಿಡುವು.

ಎದುರಿನ ಹೋಟೆಲಿನಲ್ಲಿ ಹ್ಯಾಸ್ಕೆಟ್ ಸೂಪು ಕುಡಿಯುತ್ತಿದ್ದ. ಮೂರು ಸ್ಟೂಲು ಆಚೆ ಕೀಲರ್ ಕೂತು ತಿನ್ನುತ್ತಿದ್ದ. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ದೊಡ್ಡ ಸ್ಟೇಕು, ಬೇಯಿಸಿದ ಆಲೂಗಡ್ಡೆ, ಮೇಲೆ ಬೆಣ್ಣೆ, ಆಮೇಲೆ ಐಸ್‌ಕ್ರೀಮ್.

“ಎಲ್ಲಿ ತುಂಬ್ತಿದ್ದೀಯಪ್ಪ ಅಷ್ಟನ್ನ?” ಎಂದಳು ಬಡಿಸುವವಳು.

“ನನ್ನ ಹೊಟ್ಟೆ ಬಾಡಿಗೆ ಮನೆ ಅಕ್ಕ. ಯಾರೂ ಜಾಸ್ತಿ ಹೊತ್ತು ಇರಲ್ಲ ಅಲ್ಲಿ.”

ಹತ್ತು ನಿಮಿಷದ ಮೇಲೆ ಹ್ಯಾಸ್ಕೆಟ್ ಶೌಚಾಲಯಕ್ಕೆ ಹೋದಾಗ, ಪಕ್ಕದ ತಡಿಕೆಯಾಚೆ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಬಂತು. ಕಾಯಿಲೆಯವರ ನರಳಾಟವಿಲ್ಲ. ಬಕೆಟ್ಟಿನಿಂದ ನೀರು ಚೆಲ್ಲಿದಷ್ಟು ಸಲೀಸು. ಒಂದು ಸಲ, ಎರಡು ಸಲ, ಮತ್ತೆ ಕೊನೆಯದಾಗಿ ಒಂದು ಸಲ. ಕೀಲರ್ ಹೊರಬಂದು ಬಾಯಿ ಮುಕ್ಕಳಿಸಿ ಚೂಯಿಂಗ್ ಗಮ್ ಬಿಚ್ಚಿದ.

“ಹುಷಾರಿಲ್ವಾ?”

“ಕಲ್ಲು ಗುಂಡಿನ ಹಾಗಿದ್ದೀನಿ ಸಾರ್ಜೆಂಟ್. ನಾಳೆ ಕಪ್ ರೇಸು, ವರ್ಷಕ್ಕೆಲ್ಲ ದೊಡ್ಡದು. ನೂರಹದಿನಾಲ್ಕು ಪೌಂಡಿಗೆ ಇಳೀಬೇಕು.”

“ಅದಕ್ಕೆ ತಿಂದಿದ್ದೆಲ್ಲ...”

“ತಿನ್ನದೆ ಇರೋಕಾಗತ್ತಾ? ನಾಲಿಗೆಗೂ ಒಂದಿಷ್ಟು ನ್ಯಾಯ ಬೇಡ್ವಾ? ಗಂಟಲ ಕೆಳಗಿಂದು ಮಾತ್ರ ವಾಪಸ್.” ಕೀಲರ್ ನಕ್ಕ. ಮೇಲಿನ ಹಲ್ಲುಗಳು ಸವೆದು ಅಂಚಿನಲ್ಲಿ ಗಾಜಿನ ಹಾಗೆ ಪಾರದರ್ಶಕವಾಗಿದ್ದವು.

ಹ್ಯಾಸ್ಕೆಟ್ ಕೈಚಾಚಿ ನಲ್ಲಿ ನಿಲ್ಲಿಸಿದ. “ಎಲ್ಲರೂ ಹೀಗೇ ಮಾಡ್ತೀರಾ?”

“ದೇವರು ಕಡ್ಡಿ ಮಾಡಿ ಕಳಿಸಿದವರನ್ನ ಬಿಟ್ಟು.”

“ಡೆಲ್ ಮಾಬ್ರಿ?”

“ಡೆಲ್ಲಾ! ಅವನು ನಮಗೆಲ್ಲ ಮೇಷ್ಟ್ರು. ಬೆರಳೂ ಬೇಡ ಅವನಿಗೆ. ಊಟ ಆಗಿ ಅರ್ಧ ಗಂಟೆಯೊಳಗೆ ಹೊಟ್ಟೆ ಗುಡಿಸಿಟ್ಟ ಹಾಗೆ. ಆದ್ರೆ ಬೇರೆಯವರ ಮನೇಲಿ, ಹೋಟೆಲಲ್ಲಿ ಮಾಡ್ತಿರ್ಲಿಲ್ಲ, ನಾಚಿಕೆ ಜಾಸ್ತಿ. ಎಲ್ಲೇ ತಿಂದ್ರೂ ನಮ್ಮ ಕೋಣೆಗೇ ಬರ್ತಿದ್ದ. ಅದಕ್ಕಂತಲೇ ಬೋಗುಣಿ ಇದೆಯಲ್ಲ ಅಲ್ಲಿ. ನೋಡಿಲ್ವಾ ನೀವು?”

ನೋಡಿದ್ದ. ಬರೆದೂ ಇದ್ದ. 

“ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?”

“ನೀವು ನಿಮ್ಮ ಕಕ್ಕಸಿನ ವಿಷಯ ಪೊಲೀಸರಿಗೆ ಹೇಳ್ತೀರಾ?”

“ನಾಳೆ ಯಾವ ಕುದುರೆ ನಿನ್ನದು?”

ಕೀಲರನ ನಗು ಕೊಂಚ ಇಳಿಯಿತು. “ಕಾಪರ್ ಲೇಸ್. ಗ್ರೇಲಿಂಗನ ಹೆಣ್ಣು ಕುದುರೆ. ಡೆಲ್ ಸವಾರಿ ಮಾಡಬೇಕಿತ್ತು. ಅವನು ಆ ಮಂಗಳವಾರ ನನ್ನ ಹತ್ರ, ಅದರ ಮೇಲೆ ಕೂರಬೇಡ ಬಡ್, ಮುಂಗಾಲಿನ ಮೂಳೆ ಒದ್ದೆ ಸಕ್ಕರೆ ಆಗಿದೆ, ಗ್ರೇಲಿಂಗ್ ಮದ್ದು ಚುಚ್ಚಿ ಮರಗಟ್ಟಿಸಿ ಓಡಿಸ್ತಿದ್ದಾನೆ, ನಾನು ಹೋಗಿ ರೇಸ್ ಅಧಿಕಾರಿಗಳಿಗೆ ಹೇಳಿಬಿಡ್ತೀನಿ ಅಂದ.”

“ಗೊತ್ತಿದ್ದೂ ಕೂರ್ತೀಯಾ?”

“ಕಪ್ ರೇಸು ಸಾರ್ಜೆಂಟ್.” ಇಷ್ಟು ಹೇಳಿ, ಅದೇ ಪೂರ್ತಿ ಉತ್ತರ ಎಂಬಂತೆ ಗಮ್ ಅಗಿದ.

ಹ್ಯಾಸ್ಕೆಟ್ ಮೊದಲು ಹೋದದ್ದು ಸರ್ಕಾರಿ ವಕೀಲನ ಬಳಿಗೆ. ವಿಚಾರಣೆಯನ್ನು ಸೋಮವಾರಕ್ಕೆ ಮುಂದೂಡಿಸಿ ಎಂದ. ಅವನು ಬೈದ, ಆದರೆ ಮುಂದೂಡಿಸಿದ. ಆಮೇಲೆ ಹ್ಯಾಸ್ಕೆಟ್ ಕೋರ್ಟಿನ ನೆಲಮಾಳಿಗೆಯ ಲಾಕಪ್ಪಿಗೆ ಇಳಿದ. ಬೆನವೀಡೆಸ್ ಜೊತೆಗಿದ್ದ.

“ಚೂಯ್, ಆವತ್ತು ಬೆಳಿಗ್ಗೆ ತೊಳೆಯೋ ಕೆಲಸ ಅಂದ್ಯಲ್ಲ. ಏನು ತೊಳೆದೆ?”

ಲೆದೆಸ್ಮಾ ಒಣಗಿದ ಕೈಯನ್ನೇ ಅಂಗಿಗೆ ಒರೆಸಿಕೊಂಡ.

“ಬೋಗುಣಿ ತೊಳೆದ್ಯಾ?”

“ದಿನಾ ತೊಳೀತೀನಿ.”

“ಹಿಂದಿನ ಸಂಜೆ ತೊಳೆದಿಟ್ಟಿದ್ಯಾ?”

“ಏಳು ಗಂಟೆಗೆ ತೊಳೆದು ಒರೆಸಿ ಹೋಗಿದ್ದೆ.”

“ಬೆಳಿಗ್ಗೆ ಅದರಲ್ಲಿ ಏನಿತ್ತು?”

ಲೆದೆಸ್ಮಾ ಬೆನವೀಡೆಸ್‌ನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಬೆನವೀಡೆಸ್ ಹೇಳಿದ, “ಸತ್ತವನ ಮರ್ಯಾದೆ ಕೇಳ್ತಿದ್ದೀರಾ ಅಂತಾನೆ.”

“ನಾನು ಕೇಳ್ತಿರೋದು ನಿನ್ನ ಪ್ರಾಣ” ಎಂದ ಹ್ಯಾಸ್ಕೆಟ್.

“ಮಾಂಸ ಇತ್ತು” ಎಂದ ಲೆದೆಸ್ಮಾ ಕೊನೆಗೆ. “ಅಗಿಯದೆ ನುಂಗಿದ ಮಾಂಸ. ಚೆರ್ರಿ. ಡೆಲ್ ಅಂತ ಗೊತ್ತಾಯ್ತು. ಆ ಬೂಟಿನ ಜಗಳಕ್ಕೆ ಬೇಜಾರು ಮಾಡ್ಕೊಂಡು ಜಾಸ್ತಿ ತಿಂದ್ನೇನೋ ಅಂದ್ಕೊಂಡೆ.”

ಎಂಟಕ್ಕೆ ಊಟಕ್ಕೆ ಕೂತವನು, ಬೀಗ ಬೀಳುವ ಮುಂಚೆಯೇ ಕೋಣೆಗೆ ಬಂದು ತಿಂದದ್ದನ್ನೆಲ್ಲ ಕಕ್ಕಿದ್ದ. ಖಾಲಿ ಹೊಟ್ಟೆ ಯಾವ ಗಂಟೆಯನ್ನೂ ತೋರಿಸುತ್ತಿರಲಿಲ್ಲ. ಒಂದೇ ಒಂದು ಆಧಾರವಿದ್ದ ಲೆಕ್ಕ ಪೂರ್ತಿ ಕುಸಿದುಬಿತ್ತು. ಬೀಗ ಬೀಳುವ ಮುಂಚೆ ಬೀಗದಕೈ ಇಲ್ಲದವನೂ ಒಳಗೆ ಬರಬಹುದಿತ್ತು. ಕೊಳೆ ಕಂಡರೆ ತೊಳೆಯುವ ಅಭ್ಯಾಸದಿಂದ ಲೆದೆಸ್ಮಾ ತನ್ನನ್ನು ಉಳಿಸಬಹುದಾಗಿದ್ದ ಸಾಕ್ಷಿಯನ್ನು ತಾನೇ ಉಜ್ಜಿ ತೆಗೆದಿದ್ದ.

“ಬೋಗುಣಿ ಯಾತಕ್ಕೆ ಅಂತ ನಾನು ಅವತ್ತೇ ಕೇಳಿದ್ರೆ ಹೇಳ್ತಿದ್ಯಾ?” ಹ್ಯಾಸ್ಕೆಟ್ ಕೇಳಿದ. ಆ ಪ್ರಶ್ನೆ ತನಿಖೆಗೆ ಬೇಕಿರಲಿಲ್ಲ, ಅವನಿಗೆ ಬೇಕಿತ್ತು.

ಲೆದೆಸ್ಮಾ ಯೋಚಿಸಿದ. “ಇಲ್ಲ ಸಾರ್. ಪೇಪರಿನವರು ಬರೀತಾರೆ. ಅವನಿಗೆ ತಾಯಿ ಇದ್ದಾಳೆ.”

ಇನ್ನು ಗ್ರೇಲಿಂಗ್. ಗೇಟಿನಿಂದ ಕ್ಲಬ್ಬಿಗೆ ಇಪ್ಪತ್ತು ನಿಮಿಷದ ದಾರಿ. ಒಂಬತ್ತರೊಳಗೇ ಮಾಬ್ರಿಯನ್ನು ಇಳಿಸಿದೆ ಎಂದಿದ್ದವನು ಕ್ಲಬ್ಬಿನ ಬಾಗಿಲಲ್ಲಿ ಕಂಡದ್ದು ಹತ್ತರ ಸುಮಾರಿಗೆ. ಬೆನವೀಡೆಸ್ ಕ್ಲಬ್ಬಿನ ಬಡಿಸುವವರನ್ನು ಒಬ್ಬೊಬ್ಬರಾಗಿ ಮಾತಾಡಿಸಿದ. ಒಬ್ಬಳಿಗೆ ನೆನಪಿತ್ತು, ಗ್ರೇಲಿಂಗನ ಅಂಗಿಯ ಕಾಲರು ಹಸಿ ಹಪ್ಪಳದ ಹಾಗೆ ಜೋತಿತ್ತು. ಕುದುರೆ ತೊಳೆದು ಬಂದೆ ಎಂದಿದ್ದನಂತೆ.

“ಪಾರ್ಟಿ ಕೋಟು ಹಾಕ್ಕೊಂಡು ಕುದುರೆ ತೊಳೆಯೋ ಟ್ರೇನರನ್ನ ನಾನಂತೂ ನೋಡಿಲ್ಲ” ಎಂದ ಬೆನವೀಡೆಸ್.

ಆ ಕೋಟು ಬಾಡಿಗೆಯದು. ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹ್ಯಾಸ್ಕೆಟ್ ಬಾಗಿಲಲ್ಲಿ ನಿಂತಿದ್ದ. ಅಂಗಡಿಯಾಕೆ ಪೆಟ್ರೋಸಿಯನ್, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು.

“ಎಮೆಟ್ ಗ್ರೇಲಿಂಗಾ? ಹಾಳಾದವನು. ಉಣ್ಣೆ ಕೋಟನ್ನ ಸಾರಲ್ಲಿ ಅದ್ದಿದ ಹಾಗೆ ಮಾಡಿ ತಂದ. ತೋಳು ಎರಡು ಬೆರಳು ಕುಗ್ಗಿದೆ, ಮುಂಭಾಗ ಎಲ್ಲ ಸುಕ್ಕು. ಜಗಳಕ್ಕೆ ಅಂತ ನಾನು ಸಿದ್ಧವಾಗಿ ನಿಂತ್ರೆ, ಕೇಳಿದಷ್ಟು ಕೊಟ್ಟು ಹೋಗೇಬಿಟ್ಟ! ಮೂವತ್ತು ವರ್ಷದಲ್ಲಿ ಜಗಳ ಆಡದೆ ದಂಡ ಕಟ್ಟಿದವನು ಅವನೊಬ್ಬನೇ. ಅವತ್ತೇ ಅನ್ಕೊಂಡೆ, ಇವನು ಏನೋ ಮಾಡಿದ್ದಾನೆ ಅಂತ.”

“ಕೋಟು ಎಲ್ಲಿದೆ?”

“ಹಿಂದೆ ನೇತುಹಾಕಿದೀನಿ. ವಾಸನೆ ಇನ್ನೂ ಹೋಗಿಲ್ಲ, ನೋಡಿ ಬೇಕಾದ್ರೆ. ಶೀತಕ್ಕೆ ಎದೆಗೆ ಹಚ್ತಾರಲ್ಲ, ಅದು.”

ಹ್ಯಾಸ್ಕೆಟ್ ಕೋಟಿಗೆ ಮೂಗು ತಾಗಿಸಿದ. ನೀಲಗಿರಿ. ಬಲತೋಳಿನ ಒಳಮಡಿಕೆಯಲ್ಲಿ ಕಂದು ಕಲೆ ಇತ್ತು. ಇಬ್ಬರು ಸಾಕ್ಷಿಗಳೆದುರು ಅದನ್ನು ವಶಪಡಿಸಿಕೊಂಡು ಮಹಜರು ಬರೆದ. ಪೆಟ್ರೋಸಿಯನ್ ಸಹಿ ಮಾಡುವಾಗ, “ಇದರ ಬಾಡಿಗೆ ಯಾರು ಕೊಡ್ತಾರೆ?” ಎಂದಳು. ಪ್ರಯೋಗಾಲಯದವರು ಮಧ್ಯಾಹ್ನದೊಳಗೆ ತಿಳಿಸಿದರು: ಕಲೆ ಮನುಷ್ಯನ ರಕ್ತ, ಮಾಬ್ರಿಯ ಗುಂಪಿನದು.

ಕಪ್ ರೇಸಿಗೆ ಕುದುರೆಗಳನ್ನು ಜೀನು ಕಟ್ಟುವ ಅಂಗಳಕ್ಕೆ ತಂದಾಗ ಸಾವಿರಾರು ಜನ ಬೇಲಿಗೆ ಒತ್ತಿಕೊಂಡು ನಿಂತಿದ್ದರು. ಕಾಪರ್ ಲೇಸ್ ಕೆಂಗಂದು ಬಣ್ಣದ ಹೆಣ್ಣು ಕುದುರೆ, ಮುಂಗಾಲುಗಳಿಗೆ ಬಿಳಿ ಪಟ್ಟಿ ಸುತ್ತಿದ್ದರು. ಚೆಲುವಾಗಿ ನಡೆಯುತ್ತಿತ್ತು. ಹ್ಯಾಸ್ಕೆಟ್‌ನ ಮಾತಿನ ಮೇಲೆ ರೇಸಿನ ಪಶುವೈದ್ಯ ಬಂದು ಎಡಗಾಲಿನ ಪಟ್ಟಿ ಬಿಚ್ಚಿಸಿದ. ಗೊರಸಿನ ಮೇಲಿನ ಮೆತ್ತನೆಯ ಚರ್ಮಕ್ಕೆ ಸೂಜಿ ಮುಟ್ಟಿಸಿದ. ಕುದುರೆ ಅಲುಗಲಿಲ್ಲ. ಬಲಗಾಲಿಗೆ ಮುಟ್ಟಿಸಿದ, ಥಟ್ಟನೆ ಕಾಲೆತ್ತಿ ಹಿಂದೆ ಸರಿಯಿತು. ಮತ್ತೆ ಎಡಗಾಲಿಗೆ, ಈ ಸಲ ಜೋರಾಗಿ ಚುಚ್ಚಿದ. ಸೂಜಿ ಒಳಗೆ ಹೋಯಿತು, ರಕ್ತದ ಹನಿ ಬಂತು. ಕುದುರೆ ಕಿವಿ ಆಡಿಸುತ್ತ ಜನರನ್ನು ನೋಡುತ್ತಿತ್ತು.

“ಈ ಕಾಲು ಇದಕ್ಕೆ ಇದೆ ಅಂತಲೇ ಗೊತ್ತಿಲ್ಲ” ಎಂದ ವೈದ್ಯ. “ಮೊದಲ ತಿರುವಿನಲ್ಲೇ ಮುರಿಯೋದು.”

ಕೀಲರ್ ರೇಷ್ಮೆ ಅಂಗಿ ತೊಟ್ಟು ಚಾವಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಕಣ್ಣು ಗುಳಿಬಿದ್ದಿದ್ದವು. “ಹಾಗಾದ್ರೆ ರೇಸ್ ಇಲ್ವಾ ನನಗೆ?” ಎಂದು ಕೇಳಿದ. ಹ್ಯಾಸ್ಕೆಟ್ ಕುದುರೆಯ ತಲೆಯ ಬಳಿ ನಿಂತಿದ್ದ ಗ್ರೇಲಿಂಗನತ್ತ ತಿರುಗಿದ.

“ಎಮೆಟ್ ಗ್ರೇಲಿಂಗ್, ಡೆಲ್ ಮಾಬ್ರಿಯ ಕೊಲೆ ಆರೋಪದ ಮೇಲೆ ನಿನ್ನನ್ನ ಬಂಧಿಸ್ತಿದ್ದೀನಿ.”

“ರೇಸ್ ಮುಗೀಲಿ” ಎಂದ ಗ್ರೇಲಿಂಗ್ ತಗ್ಗಿದ ದನಿಯಲ್ಲಿ. “ಎರಡೇ ನಿಮಿಷದ ಓಟ, ಸಾರ್ಜೆಂಟ್. ಎಲ್ಲೂ ಓಡಿಹೋಗಲ್ಲ ನಾನು. ಎರಡು ನಿಮಿಷ ಬಿಡಿ.”

ಹ್ಯಾಸ್ಕೆಟ್ ಅವನ ಕೈ ಹಿಡಿದು ಕೋಳ ಹಾಕಿದ. ಕೈ ಒಣಗಿ ಬೆಚ್ಚಗಿತ್ತು. ಮುಟ್ಟಿದ ತನ್ನ ಕೈಯನ್ನು ಹ್ಯಾಸ್ಕೆಟ್ ತನಗರಿವಿಲ್ಲದೆ ಪ್ಯಾಂಟಿಗೆ ಒರೆಸಿಕೊಂಡ. ಬೇಲಿಯಾಚೆ ಜನ ಕೂಗಾಡತೊಡಗಿದರು. ಆ ಕುದುರೆಯ ಮೇಲೆ ಬಾಜಿ ಕಟ್ಟಿದವರಿಗೆ ದುಡ್ಡು ವಾಪಸ್ ಸಿಗುತ್ತದೋ ಇಲ್ಲವೋ ಎಂಬುದು ಗಲಾಟೆಯ ವಿಷಯವಾಗಿತ್ತು.

ಸೋಮವಾರ ಬೆಳಿಗ್ಗೆ ಲೆದೆಸ್ಮಾನ ಬಿಡುಗಡೆಯಾಯಿತು. ಹ್ಯಾಸ್ಕೆಟ್ ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದ. ಬೆನವೀಡೆಸ್ ಆಗಲೇ ಅವನನ್ನು ಕಾರಿನಲ್ಲಿ ಕರೆದೊಯ್ದಿದ್ದ. ಆ ಮಾತು ಹಾಗೇ ಉಳಿಯಿತು.

ಅದೇ ಮಧ್ಯಾಹ್ನ ಗ್ರೇಲಿಂಗ್ ಹೇಳಿಕೆ ಕೊಟ್ಟ. ಕೋಟನ್ನು ಮೇಜಿನ ಮೇಲೆ ಇಟ್ಟಾಗಲೂ ಅವನ ಮುಖ ಬದಲಾಗಲಿಲ್ಲ. ಮೂವತ್ತೆಂಟು ವರ್ಷ ಕುದುರೆ ತಯಾರು ಮಾಡಿದ್ದ. ಸಣ್ಣಪುಟ್ಟ ರೇಸು ನೂರಾರು ಗೆದ್ದಿದ್ದ. ಕಪ್ ರೇಸಿನಲ್ಲಿ ಒಮ್ಮೆಯೂ ಗೆದ್ದ ಕುದುರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಲಿಲ್ಲ. ಕಾಪರ್ ಲೇಸ್‌ನಂಥ ಕುದುರೆ ಈ ಜನ್ಮದಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದರ ಕಾಲು ಮುಗಿಯಿತೆಂದೂ ಗೊತ್ತಿತ್ತು.

“ಒಂದೇ ರೇಸು” ಎಂದ. “ಆಮೇಲೆ ಅದಕ್ಕೆ ಏನಾದ್ರೂ ಆಗಲಿ. ಡೆಲ್‌ನ ಒಪ್ಪಿಸೋಣ ಅಂತಲೇ ಊಟಕ್ಕೆ ಕರೆದದ್ದು. ತಿಂದ, ಒಪ್ಪಲಿಲ್ಲ. ಕೋಣೆವರೆಗೂ ಹಿಂದೆಯೇ ಹೋದೆ, ಬೇಡಿಕೊಂಡೆ. ಅವನು ಬೋಗುಣಿ ಮೇಲೆ ಬಗ್ಗಿ ಎಲ್ಲ ಕಕ್ಕಿದ. ನನ್ನ ದುಡ್ಡಿನ ಸ್ಟೇಕು. ತಲೆ ಎತ್ತಿ, ಬಾಯಿ ಕೂಡ ಒರೆಸಿಕೊಳ್ಳದೆ, ಮೂಕಪ್ರಾಣಿಗೆ ಇಂಥ ಹಿಂಸೆ ಕೊಡೋಕೆ ಮನಸ್ಸು ಹೇಗೆ ಬರತ್ತೆ ನಿನಗೆ ಅಂದ. ಹದಿನೈದು ವರ್ಷದಿಂದ ತನ್ನ ಹೊಟ್ಟೆಗೇ ಕರುಣೆ ತೋರಿಸದವನು, ನನಗೆ ಕರುಣೆ ಕಲಿಸೋಕೆ ಬಂದ. ಗದ್ದದಿಂದ ಇನ್ನೂ ಇಳೀತಿತ್ತು. ನನಗೆ ಅಸಹ್ಯ ಆಯ್ತು ಸಾರ್ಜೆಂಟ್. ತಳ್ಳಿದೆ. ಉಗಿಮನೆ ಬಾಗಿಲು ತೆರೆದಿತ್ತು, ಒಳಗೆ ಬಿದ್ದ.”

“ಬಿದ್ದಾಗ ಬದುಕಿದ್ನಾ?”

“ಉಸಿರಾಡ್ತಿದ್ದ.”

“ಆಮೇಲೆ?”

“ಒಳಗೆ ಹೋಗಿ ಎಬ್ಬಿಸೋಣ ಅಂತ ತಲೆ ಹಿಡ್ಕೊಂಡೆ. ಎಬ್ಬಿಸಿದ್ರೆ ನಾಳೆ ಹೋಗಿ ಹೇಳ್ತಾನೆ ಅನ್ನಿಸ್ತು. ಕೊಳವೆ ತಿರುಗಿಸಿದೆ. ಪೂರ್ತಿ ತೆರೆಯ್ತಾ ಅಂತ ಒಂದೆರಡು ನಿಮಿಷ ಒಳಗೇ ನಿಂತು ನೋಡಿದೆ. ಆಚೆ ಬಂದು ಹಿಡಿಗೆ ಒರೆಸೋ ಕೋಲು ಸಿಗಿಸಿದೆ.”

ಹ್ಯಾಸ್ಕೆಟ್ ಬರೆದುಕೊಂಡ. ಎರಡು ಸಲ ಓದಿದ. ಗ್ರೇಲಿಂಗ್ ಸಹಿ ಹಾಕಿ, ಬೆಳಗಿನಿಂದ ಏನೂ ತಿಂದಿಲ್ಲ ಎಂದ. ಹಂದಿ ಮಾಂಸದ ಸ್ಯಾಂಡ್‌ವಿಚ್ ತರಿಸಿಕೊಟ್ಟರು. ಅವನು ಕಾಗದ ಬಿಡಿಸಿ ತೊಡೆಯ ಮೇಲೆ ಹರಡಿಕೊಂಡು, ತುಣುಕು ಬೀಳದಂತೆ ನಿಧಾನವಾಗಿ, ಚೆನ್ನಾಗಿ ಅಗಿದು ತಿಂದ. ಕೊನೆಗೆ ಬೆರಳು ನೆಕ್ಕಿಕೊಂಡ.

ಹ್ಯಾಸ್ಕೆಟ್ ಎದ್ದು ಹೋಗಿ ಕಿಟಕಿಯನ್ನು ಪೂರ್ತಿ ತೆರೆದು, ಅವನಿಗೆ ಬೆನ್ನು ಹಾಕಿ ನಿಂತ.